ಅಡ ಇಡಕೂಡದು ಅಂತ ವಿಲ್‌ನಲ್ಲಿದ್ದ ಮನೆಯನ್ನು ನಾವು ಅಡ ಇಟ್ಟಿದ್ದು ಹೇಗೆ

ದೊಡ್ಡಪ್ಪನ ವಿಲ್‌ಗೆ ನಾನು, ನಮ್ಮ ಭಾವ ಇಬ್ಬರೂ ಎಕ್ಸಿಕ್ಯೂಟರ್‌ಗಳು, ಅಂದರೆ ವಿಲ್‌ನಲ್ಲಿರುವುದನ್ನು ಜಾರಿ ಮಾಡಲು ಅವರೇ ಹೆಸರಿಸಿದವರು. ಮನೆ ಅವರ ಮೊಮ್ಮಗನಿಗೆ, ಆದರೆ ಅವನಿಗೆ 21 ತುಂಬುವವರೆಗೂ ನಾವೇ ಟ್ರಸ್ಟಿಗಳಾಗಿ ನೋಡಿಕೊಳ್ಳಬೇಕು ಅಂತ ಬರೆದಿದ್ದರು. ಹುಡುಗನಿಗೆ ಆಗ 12. ತಿಥಿ ಮುಗಿದ ಮೇಲೆ ಒಬ್ಬೊಬ್ಬರೇ ಕಾಗದ ಹಿಡಿದು ಬಂದರು. ಒಟ್ಟು 18 ಲಕ್ಷ ಸಾಲ. ಬ್ಯಾಂಕಿನಲ್ಲಿದ್ದದ್ದು 4 ಲಕ್ಷ. ಜೊತೆಗೆ ತಾರಸಿ ಸೋರಿ ಮಹಡಿಯ ಬಾಡಿಗೆಯವರು ಖಾಲಿ ಮಾಡ್ತೀವಿ ಅಂತ ಕೂತಿದ್ದರು.

ಮಾರಿದರೆ ಹುಡುಗನಿಗೆ ಮನೆಯೇ ಇರಲ್ಲ. ಅಡ ಇಟ್ಟು ಸಾಲ ತೆಗೆದು, ಬಾಡಿಗೆಯಲ್ಲಿ ಕಂತು ಕಟ್ಟೋಣ ಅಂತ ಬ್ಯಾಂಕಿಗೆ ಹೋದೆವು. ಮ್ಯಾನೇಜರ್ ಒಪ್ಪಿದರು. ಅವರ ಪ್ಯಾನೆಲ್ ವಕೀಲರು ಮಾತ್ರ ವಿಲ್‌ನ ಎರಡನೇ ಪುಟ ತೆಗೆದು ಒಂದು ಸಾಲಿನ ಮೇಲೆ ಬೆರಳಿಟ್ಟರು. ನೀಲಿ ಇಂಕು, ದೊಡ್ಡಪ್ಪನದೇ ಅಕ್ಷರ: ‘ಸದರಿ ಮನೆಯನ್ನು ಪರಭಾರೆ ಮಾಡಕೂಡದು, ಅಡಮಾನ ಇಡಕೂಡದು.’ ಇದೇ ಮನೆಯನ್ನು ಅವರು ಎರಡು ಸಲ ಅಡ ಇಟ್ಟು ಬಿಡಿಸಿಕೊಂಡಿದ್ದರು, ಅದು ಬೇರೆ ಮಾತು.

ಅಲ್ಲಿಯವರೆಗೆ ನಾನು ಎಕ್ಸಿಕ್ಯೂಟರ್ ಅಂದರೆ ಎಲ್ಲ ಅಧಿಕಾರ ಇದೆ ಅಂತಲೇ ಅಂದುಕೊಂಡಿದ್ದೆ. ಅರ್ಧ ನಿಜ. 1925ರ ಭಾರತೀಯ ಉತ್ತರಾಧಿಕಾರ ಕಾಯ್ದೆಯ 307ನೇ ಸೆಕ್ಷನ್ ಆಸ್ತಿ ವಿಲೇವಾರಿ ಮಾಡುವ ಅಧಿಕಾರ ಕೊಡುತ್ತದೆ. ಆದರೆ ತೀರಿಕೊಂಡವರು ಹಿಂದೂ ಆಗಿದ್ದು, ವಿಲ್‌ನಲ್ಲೇ ಸ್ಥಿರಾಸ್ತಿಗೆ ನಿರ್ಬಂಧ ಹಾಕಿದ್ದರೆ ಅದನ್ನು ದಾಟುವ ದಾರಿ ಒಂದೇ: ಪ್ರೊಬೇಟ್ (ವಿಲ್ ಅಸಲಿ ಅಂತ ಕೋರ್ಟ್ ಕೊಡುವ ದೃಢೀಕರಣ) ಪಡೆಯಬೇಕು, ಆಮೇಲೆ ಪ್ರೊಬೇಟ್ ಕೊಟ್ಟ ಕೋರ್ಟೇ ಲಿಖಿತ ಅನುಮತಿ ಕೊಡಬೇಕು. ನಮ್ಮ ಕಡೆ ಹಿಂದೂಗಳ ವಿಲ್‌ಗೆ ಪ್ರೊಬೇಟ್ ಕಡ್ಡಾಯ ಅಲ್ಲ ಅಂತ ಎಲ್ಲರೂ ಹೇಳುತ್ತಾರೆ, ನಮಗೂ ಹೇಳಿದ್ದರು, ನಾವೂ ಸುಮ್ನೆ ಇದ್ದುಬಿಟ್ಟಿದ್ದೆವು. ಆ ಒಂದು ಸಾಲಿನಿಂದ ನಮಗದು ಬೇಕೇ ಬೇಕಾಯಿತು. ಅನುಮತಿ ಇಲ್ಲದೆ ಅಡ ಇಟ್ಟಿದ್ದರೆ ಆಸ್ತಿಯಲ್ಲಿ ಹಕ್ಕಿರುವ ಯಾರು ಬೇಕಾದರೂ ಅದನ್ನು ರದ್ದು ಮಾಡಿಸಬಹುದಿತ್ತು, ನಾಳೆ ದೊಡ್ಡವನಾದ ಮೇಲೆ ಈ ಹುಡುಗನೇ ಸೇರಿ. ಬ್ಯಾಂಕಿನ ಭಯ ಅದೇ.

ವಿಲ್ ಇಲ್ಲದೆ ಕೋರ್ಟಿನಿಂದ ಆಡಳಿತ ಪತ್ರ ಪಡೆದು ಅಡ್ಮಿನಿಸ್ಟ್ರೇಟರ್ ಆದವರಿಗೆ ಇನ್ನೂ ಬಿಗಿ. ನಿರ್ಬಂಧ ಇರಲಿ ಬಿಡಲಿ, ಅಡ ಇಡುವ ಮುಂಚೆ ಕೋರ್ಟ್ ಅನುಮತಿ ಬೇಕು. 5 ವರ್ಷಕ್ಕಿಂತ ಜಾಸ್ತಿ ಲೀಸ್‌ಗೂ ಬೇಕು.

ಪ್ರೊಬೇಟ್‌ಗೆ 14 ತಿಂಗಳು ಹಿಡಿಯಿತು. ಅದರ ಕಥೆ ಬೇಡ, ಪತ್ರಿಕೆಯಲ್ಲಿ ಪ್ರಕಟಣೆ, ಸಾಕ್ಷಿ ಹಾಕಿದವರನ್ನು ಹುಡುಕಿ ಕರೆತರುವುದು, ಅದೇ ಓಡಾಟ.

ನಾವು ಎಡವಿದ್ದು ಆಮೇಲಿನ ಅರ್ಜಿಯಲ್ಲಿ. ‘ಮನೆಯನ್ನು ಅಡಮಾನ ಮಾಡಲು ಅನುಮತಿ ಕೊಡಬೇಕು’ ಅಂತ ಮೊದಲ ಕರಡಿನಲ್ಲಿ ಒಂದೇ ಸಾಲು ಬರೆಸಿದ್ದೆ. ನಮ್ಮ ವಕೀಲರು ನಕ್ಕರು. ‘ಯಾವ ಆಸ್ತಿ, ಯಾವ ರೀತಿ ಅಂತ ಆದೇಶದಲ್ಲೇ ಇರಬೇಕು ಸಾರ್. ನೀವು ಕೇಳದೇ ಇದ್ದದ್ದನ್ನು ಜಡ್ಜ್ ಊಹಿಸಿ ಬರೀತಾರಾ?’ ಅಂದರು. ಮತ್ತೆ ಬರೆದೆವು. ಚೆಕ್ಕುಬಂದಿ (ನಾಲ್ಕು ದಿಕ್ಕಿನ ಗಡಿ) ಸಮೇತ ಆಸ್ತಿ ವಿವರದ ಶೆಡ್ಯೂಲ್, ಸಾಲದ ಗರಿಷ್ಠ ಮೊತ್ತ, ಬ್ಯಾಂಕಿನ ಮಂಜೂರಾತಿ ಪತ್ರ, ಎಷ್ಟು ವರ್ಷ, ದುಡ್ಡು ಯಾವುದಕ್ಕೆ ಎಷ್ಟು. ಮೂಲ ಪತ್ರಗಳನ್ನು ಬ್ಯಾಂಕಿನಲ್ಲಿಟ್ಟು ಮಾಡುವ ಅಡಮಾನ ಅಂತಲೂ ಸೇರಿಸಿದೆವು. ಇಸಿ (ಆಸ್ತಿಯ ಋಣಭಾರ ಪತ್ರ), ಖಾತಾ, ಸಾಲ ಕೊಟ್ಟವರ ಕಾಗದ, ತಾರಸಿ ರಿಪೇರಿಯ ಎಸ್ಟಿಮೇಟ್ ಲಗತ್ತಿಸಿದೆವು. ಹುಡುಗನ ಪರವಾಗಿ ಅವನ ತಾಯಿಯನ್ನೂ ಪಾರ್ಟಿ ಮಾಡಿದೆವು. ಅತ್ತಿಗೆ ಕೋರ್ಟಿಗೆ ಬರಲು ಮೊದಲು ಹಿಂಜರಿದರು, ಆದರೆ ಅವರ ಮಾತೇ ಜಾಸ್ತಿ ತೂಗಿತು ಅಂತ ನನಗನಿಸುತ್ತದೆ.

ಜಡ್ಜ್ ಕೇಳಿದ್ದು ಒಂದೇ ಪ್ರಶ್ನೆ. ‘ಮಹಡಿ ಖಾಲಿಯಾದರೆ ಕಂತು ಯಾರು ಕಟ್ಟುತ್ತೀರಿ?’ ನನ್ನ ಹತ್ತಿರ ಉತ್ತರ ಇರಲಿಲ್ಲ. ಭಾವ ಅಲ್ಲೇ ಲೆಕ್ಕ ಹಾಕಿ, ಕೆಳಗಿನ ಮನೆಯ ಬಾಡಿಗೆ ಒಂದರಲ್ಲೇ ಕಂತು ಮುಗಿಯುವಷ್ಟಕ್ಕೆ ಸಾಲ ಇಳಿಸುತ್ತೇವೆ ಅಂದರು. ನಾವು ಕೇಳಿದ್ದು 25 ಲಕ್ಷ, ಆದೇಶ ಬಂದಿದ್ದು 20ಕ್ಕೆ. ಸಾಲ ತೀರಿಸಿ ತಾರಸಿ ಮಾಡಿಸಲು ಅಷ್ಟೇ ಸಾಕಾಯಿತು.

ಇನ್ನೊಂದು ವಿಷಯ. ಸಾಲಗಳು ತೀರುವ ಮುಂಚೆ, ಎಕ್ಸಿಕ್ಯೂಟರ್ ಪಾತ್ರದಲ್ಲಿ ಇದ್ದಾಗಲೇ ಇದನ್ನು ಮಾಡಿದ್ದು ಒಳ್ಳೆಯದಾಯಿತು. ಆಸ್ತಿ ಪೂರ್ತಿ ಟ್ರಸ್ಟ್ ಕಡೆಗೆ ಹೋದ ಮೇಲೆ 1882ರ ಭಾರತೀಯ ಟ್ರಸ್ಟ್ ಕಾಯ್ದೆ ಬರುತ್ತದೆ. ಅದರ 36ನೇ ಸೆಕ್ಷನ್‌ನಲ್ಲಿ 21 ವರ್ಷ ಮೀರಿದ ಲೀಸ್‌ಗೆ ಕೋರ್ಟ್ ಅನುಮತಿ ಬೇಕು ಅಂತ ಇದೆ, ಅಡಮಾನದ ಹೆಸರೇ ಇಲ್ಲ, ಆಸ್ತಿಯ ರಕ್ಷಣೆಗೆ ‘ಸೂಕ್ತವಾದದ್ದು’ ಮಾಡಬಹುದು ಅಷ್ಟೇ. ಅಂಥ ಮಾತಿನ ಮೇಲೆ ಯಾವ ಬ್ಯಾಂಕ್ ಸಾಲ ಕೊಡುತ್ತೆ, ಅಲ್ವಾ?

ಸಹಿ ಹಾಕುವ ದಿನ ಬ್ಯಾಂಕಿನವರು ಮೂಲ ವಿಲ್ ಕೇಳಿದರು. ಅದು ಕೋರ್ಟಿನಲ್ಲೇ ಉಳಿಯುತ್ತದೆ ಅಂತ ಅವರಿಗೆ ಗೊತ್ತಿರಲಿಲ್ಲ. ವಿಲ್‌ನ ನಕಲು ಸೇರಿಸಿ ಸೀಲು ಹಾಕಿದ ಪ್ರೊಬೇಟ್ ತೋರಿಸಿದೆವು, ಅದಕ್ಕೆ 307ರ ಸಾಲುಗಳನ್ನೂ ಅಂಟಿಸಿ ಕೊಟ್ಟಿರುತ್ತಾರೆ. ಅವರು ಅದನ್ನು ಎರಡು ಸಲ ಓದಿ, ಆದೇಶದ ದೃಢೀಕೃತ ಪ್ರತಿ ಪಕ್ಕದಲ್ಲಿಟ್ಟುಕೊಂಡು, ಇಬ್ಬರ ಹೆಸರಿನ ಮುಂದೆಯೂ ‘ಎಕ್ಸಿಕ್ಯೂಟರ್ ಆಗಿ’ ಅಂತ ಕೈಯಲ್ಲೇ ಸೇರಿಸಿದರು.