ಅರಸರ ಅಧಿಕಾರ ಎಷ್ಟೆಂದು ಅಳೆಯುವುದು ಹೇಗೆ?

ಹಿಂದಿನ ಕುಂಬಳೆ ಅರಸರ ಮಾಯಿಪ್ಪಾಡಿ ಅರಮನೆಯ ಹೆಸರನ್ನು ಕುಂಬಳೆ ಸೀಮೆಯಲ್ಲಿ ಇಂದಿಗೂ ಗೌರವದಿಂದಲೇ ಹೇಳುತ್ತಾರೆ; ಆದರೆ ಅಡಿಕೆ ತೋಟದ ತೀರ್ವೆ ಕಟ್ಟಲು ನಾವು ಹೋಗುವುದು ಗ್ರಾಮ ಕಚೇರಿಗೆ. ಗಲ್ಫಿನಲ್ಲಿ ದುಡಿಯುವವರಿರುವ ಕಾಸರಗೋಡಿನ ಮನೆಗಳಿಗೆ ಬರುವ ಸುದ್ದಿಯೇ ಬೇರೆ: ಅಲ್ಲಿ ದೊರೆಯ ಒಂದು ಆಜ್ಞೆಯಿಂದ ಕಾನೂನು ಬದಲಾಗುತ್ತದೆ. ಬ್ರಿಟನ್ನಿನಲ್ಲಿಯೂ ದೊರೆಗಳಿದ್ದಾರೆ, ಸೌದಿ ಅರೇಬಿಯಾದಲ್ಲಿಯೂ ಇದ್ದಾರೆ. ಇವರಲ್ಲಿ ಯಾರ ಕೈ ಎಷ್ಟು ಉದ್ದವೆಂದು ತಿಳಿಯಲು ಕಿರೀಟವನ್ನು ನೋಡಿದರೆ ಸಾಲದು.

ಮೊದಲು, ಶಾಸನ ಮಾಡುವವರನ್ನು ಆರಿಸುವವರು ಯಾರೆಂದು ನೋಡಿಕೊಳ್ಳಿ. ಸೌದಿಯ ಶೂರಾ ಸಭೆಯ 150 ಸದಸ್ಯರನ್ನೂ ದೊರೆಯೇ ನೇಮಿಸುತ್ತಾರೆ. ಆ ಸಭೆ ಸಲಹೆ ಕೊಡಬಹುದೇ ಹೊರತು ಅವರನ್ನು ತಡೆಯುವಂತಿಲ್ಲ. ಜಪಾನಿನಲ್ಲಿ 1947ರಿಂದ ಜಾರಿಯಲ್ಲಿರುವ ಸಂವಿಧಾನವಾದರೋ ಚಕ್ರವರ್ತಿಗೆ ಸರಕಾರ ನಡೆಸುವ ಅಧಿಕಾರವೇ ಇಲ್ಲವೆಂದು ನೇರವಾಗಿ ಹೇಳಿಬಿಟ್ಟಿದೆ.

ಬಳಿಕ ಬೊಕ್ಕಸದ ವಿಚಾರ. 1689ರ ಹಕ್ಕುಗಳ ಶಾಸನ ಬಂದ ಮೇಲೆ ಇಂಗ್ಲೆಂಡಿನ ದೊರೆ ಸಂಸತ್ತಿನ ಒಪ್ಪಿಗೆಯಿಲ್ಲದೆ ತೆರಿಗೆ ಎತ್ತುವಂತಿಲ್ಲ, ಶಾಂತಿಕಾಲದಲ್ಲಿ ಸೈನ್ಯ ಇಟ್ಟುಕೊಳ್ಳುವಂತೆಯೂ ಇಲ್ಲ.

ಮೂರನೆಯ ಪರೀಕ್ಷೆಯನ್ನೇ ನಾನು ಹೆಚ್ಚು ನಂಬುತ್ತೇನೆ: ದೊರೆ ‘ಆಗದು’ ಎಂದರೆ ಏನಾಗುತ್ತದೆ? 1990ರಲ್ಲಿ ಬೆಲ್ಜಿಯಂನ ಸಂಸತ್ತು ಷರತ್ತುಗಳೊಂದಿಗೆ ಗರ್ಭಪಾತಕ್ಕೆ ಅವಕಾಶ ಕೊಡುವ ಮಸೂದೆಯನ್ನು ಅಂಗೀಕರಿಸಿದಾಗ, ಶ್ರದ್ಧಾವಂತ ಕ್ಯಾಥೋಲಿಕರಾಗಿದ್ದ ದೊರೆ ಬೋದ್ವಾಂ ತಮ್ಮ ಮನಸ್ಸಾಕ್ಷಿ ಒಪ್ಪುವುದಿಲ್ಲವೆಂದು ಸಹಿ ಹಾಕಲಿಲ್ಲ. ಮಂತ್ರಿಮಂಡಲ ಜಗಳಕ್ಕೆ ಹೋಗಲಿಲ್ಲ. ದೊರೆ ರಾಜ್ಯಭಾರ ನಡೆಸಲು ಅಸಮರ್ಥರಾದಾಗ ಅವರ ಅಧಿಕಾರ ಮಂತ್ರಿಗಳಿಗೆ ಸೇರುತ್ತದೆ ಎಂಬ, ಕಾಯಿಲೆ ಕಸಾಲೆಯಂಥ ಸಂದರ್ಭಕ್ಕೆ ಹೊಂದುವ ವಿಧಿಯೊಂದನ್ನು ಹುಡುಕಿ ತೆಗೆದು, ಅವರನ್ನು ಅಸಮರ್ಥರೆಂದು ಘೋಷಿಸಿ, ಮಸೂದೆಗೆ ಮಂತ್ರಿಗಳೇ ಸಹಿ ಹಾಕಿದರು. ಎರಡು ದಿನ ತುಂಬುವುದರೊಳಗೆ ಸಂಸತ್ತು ದೊರೆಯನ್ನು ಮರಳಿ ಅಧಿಕಾರಕ್ಕೆ ತಂದಿತು. ಉಪಾಯವೇನೋ ಜಾಣತನದ್ದೇ, ಕೊಂಚ ನಗುವೂ ಬರುತ್ತದೆ. ಬ್ರಿಟನ್ನಿನಲ್ಲಿ ಇಂಥ ಪ್ರಸಂಗವೇ ಬರುತ್ತಿಲ್ಲ: 1708ರಲ್ಲಿ ರಾಣಿ ಆ್ಯನ್ ಮಸೂದೆಯೊಂದಕ್ಕೆ ಒಪ್ಪಿಗೆ ನಿರಾಕರಿಸಿದ್ದೇ ಕೊನೆ.

ಕೊನೆಯದಾಗಿ, ಬರಹಕ್ಕೂ ನಡೆಗೂ ಇರುವ ಅಂತರವನ್ನು ಗಮನಿಸಬೇಕು. ನಿರಂಕುಶ ದೊರೆಗೆ ಮಿತಿಯೇ ಇಲ್ಲವೆಂದು ತಿಳಿಯುವುದು ತಪ್ಪು. 1964ರಲ್ಲಿ ಸೌದಿಯ ರಾಜಮನೆತನದ ಹಿರಿಯರೂ ಧರ್ಮಪಂಡಿತರೂ ಸೇರಿ ದೊರೆ ಸೌದ್ ಅವರನ್ನು ಇಳಿಸಿ ಅವರ ತಮ್ಮ ಫೈಸಲರನ್ನು ಪಟ್ಟಕ್ಕೇರಿಸಿದರು. ಆದರೆ ಆ ಮಿತಿ ಮನೆತನದೊಳಗಿನದು, ಸಾಮಾನ್ಯ ಪ್ರಜೆ ಅದನ್ನು ಹಿಡಿದು ನ್ಯಾಯಾಲಯಕ್ಕೆ ಹೋಗುವಂತಿಲ್ಲ. ಇದಕ್ಕೆ ತಿರುಗುಮುರುಗಾದುದು ಕುವೈತಿನ ಕತೆ. ಅಲ್ಲಿನ 1962ರ ಸಂವಿಧಾನ ಚುನಾಯಿತ ರಾಷ್ಟ್ರೀಯ ಸಭೆಗೆ ಸಾಕಷ್ಟು ಬಲ ಕೊಟ್ಟಿತ್ತು. 2024ರ ಮೇ ತಿಂಗಳಲ್ಲಿ ಅಮೀರರು (ಅಲ್ಲಿನ ದೊರೆ) ಸಭೆಯನ್ನು ವಿಸರ್ಜಿಸಿ, ಕೆಲವು ವಿಧಿಗಳನ್ನು ಗರಿಷ್ಠ 4 ವರ್ಷಗಳವರೆಗೆ ಅಮಾನತಿನಲ್ಲಿಟ್ಟರು. ಆದ್ದರಿಂದ ಸಂವಿಧಾನದ ಪುಟ ತೆರೆದಾಗ, ಅಲ್ಲಿರುವ ವಿಧಿ ಇಂದು ಜಾರಿಯಲ್ಲಿದೆಯೇ ಎಂದು ವಿಚಾರಿಸಿಯೇ ಮುಂದೆ ಓದಿ.