ಸ್ಪಿಲೈಟ್ ಆದ ಪಿಲ್ಲೋ ಬಸಾಲ್ಟಿನಲ್ಲಿ ಥೋರಿಯಂ ಅಳೆದದ್ದು: ನನ್ನ ಅನುಭವ

ದಕ್ಷಿಣ ಅಂಡಮಾನಿನಲ್ಲಿ ನೆಲದ ಮೇಲೆ ಬಂದು ಕೂತ ಹಳೆಯ ಸಾಗರತಳದ ತುಂಡಾದ ಒಫಿಯೊಲೈಟ್‌ಗೆ ಸೇರಿದ, ನೀರಿನಡಿ ಲಾವಾ ಉಕ್ಕಿ ದಿಂಬಿನಾಕಾರದಲ್ಲಿ ಗಟ್ಟಿಯಾದ ಪಿಲ್ಲೋ ಬಸಾಲ್ಟ್‌ಗಳು ಪೂರ್ತಿ ಸ್ಪಿಲೈಟ್ ಆಗಿವೆ (ಸಮುದ್ರಜಲದಿಂದ ಅವುಗಳ ರಸಾಯನ ಬದಲಾಗಿದೆ), ಅವು ಹುಟ್ಟಿದ ಜಾಗ ಸಾಗರಮಧ್ಯದ ಏಣೋ, ಫಲಕ ಕೆಳಗಿಳಿಯುವ ಕಡೆಯ ದ್ವೀಪಚಾಪವೋ ಎಂಬುದನ್ನು ರಸಾಯನದಿಂದ ಹೇಳಲಾಗದು ಎಂದು ನನ್ನ ಜೊತೆಯವರು ಬಹಳ ಕಾಲ ವಾದಿಸಿದರು. ಸೋಡಿಯಂ, ಪೊಟ್ಯಾಸಿಯಂ, ಬೇರಿಯಂಗಳನ್ನು ಹಿಡಿದು ಹೊರಟರೆ ಅವರ ಮಾತೇ ಸರಿ. ಆ ಬದಲಾವಣೆಯಲ್ಲಿ ಕದಲುವ ಅವನ್ನು ನಾನು ಬದಿಗಿಟ್ಟು, ಸುಲಭವಾಗಿ ಕದಲದ ಥೋರಿಯಂ, ನಿಯೋಬಿಯಂ, ಇಟರ್ಬಿಯಂ, ಟೈಟಾನಿಯಂ, ವನೇಡಿಯಂಗಳ ಮೇಲೆಯೇ ನಿಂತೆ. ಫಲಿತಾಂಶ ಈಗ ಗಟ್ಟಿಯಾಗಿದೆ.

ಹಣ ಹೋದದ್ದು ಪುಡಿ ಮಾಡುವ ಹಂತದಲ್ಲಿ. ಕಾರ್ಬಿನ್ಸ್ ಕೋವ್ ಕಡೆಯ ಮೊದಲ ಕಂತಿನ ಮಾದರಿಗಳನ್ನು ಹೊರಗಿನ ಒಂದು ಪ್ರಯೋಗಾಲಯ ಟಂಗ್‌ಸ್ಟನ್ ಕಾರ್ಬೈಡ್ ಮಿಲ್ಲಿನಲ್ಲಿ ಅರೆದುಕೊಟ್ಟಿತು. ಮಿಲ್ಲಿನಿಂದ ಬೆರೆತು ಟ್ಯಾಂಟಲಮ್, ಕೋಬಾಲ್ಟ್ ಎರಡೂ ಏರಿ, ನಿಯೋಬಿಯಂ–ಟ್ಯಾಂಟಲಮ್ ಅನುಪಾತ ಯಾವ ಬಸಾಲ್ಟಿಗೂ ಹೊಂದದಷ್ಟು ಕೆಳಗಿಳಿಯಿತು. ಒಂದು ಮಾದರಿಗೆ ಮೂರೂವರೆ ಸಾವಿರದ ಆಸುಪಾಸಿನಂತೆ ಒಟ್ಟು ಒಂದೂವರೆ ಲಕ್ಷ ರೂಪಾಯಿ ನೀರಿನಲ್ಲಿ ಹೋಮವಾಯಿತು. ಆಮೇಲೆ ಅಗೇಟ್ ಕಲ್ಲಿನ ಒರಳು ಬಿಟ್ಟು ಬೇರೇನನ್ನೂ ಮುಟ್ಟಿಲ್ಲ.

ಎರಡನೆಯ ಪೆಟ್ಟು ಕರಗಿಸುವಾಗ ಬಿತ್ತು. ಹೈಡ್ರೋಫ್ಲೋರಿಕ್ ಆಮ್ಲ ಆರಿದ ಮೇಲೆ ತಳದಲ್ಲಿ ಉಳಿಯುವ ಬಿಳಿ ಫ್ಲೋರೈಡ್ ಗಸಿ ಥೋರಿಯಂ ಮತ್ತು ವಿರಳ ಭಸ್ಮ ಧಾತುಗಳನ್ನು ಹಿಡಿದಿಟ್ಟುಕೊಳ್ಳುತ್ತದೆ. ಬಿಎಚ್‌ವಿಒ-2 ಮಾನಕದಲ್ಲಿ (ಪ್ರಮಾಣಗಳು ಮೊದಲೇ ಗೊತ್ತಿರುವ, ಹೋಲಿಕೆಗೆ ಇಡುವ ಬಸಾಲ್ಟ್ ಪುಡಿ) ಥೋರಿಯಂ ಸುಮಾರು 1.2 ಪಿಪಿಎಂ (ಹತ್ತು ಲಕ್ಷದಲ್ಲಿ ಇಷ್ಟು ಭಾಗ) ಇರುವುದರಿಂದ ಅದೊಂದು ಸರಿಬಂದರೆ ಎಲ್ಲವೂ ಸರಿ ಎನ್ನಿಸುತ್ತದೆ. ನಮ್ಮ ಶಿಲೆಗಳಲ್ಲಿ ಇರುವುದು ಅದರ ಹತ್ತಿಪ್ಪತ್ತು ಶೇಕಡಾ ಮಾತ್ರ. ಆದ್ದರಿಂದ 0.03 ಪಿಪಿಎಂ ಆಸುಪಾಸಿನ ಬಿಐಆರ್-1 ಮಾನಕವನ್ನೂ ಪ್ರತಿ ಕಂತಿನಲ್ಲಿ ಓಡಿಸಿದೆ. ಅದು ಸರಿಹೋಗುವವರೆಗೆ ಯಾವ ಸಂಖ್ಯೆಯನ್ನೂ ಬರೆದುಕೊಳ್ಳಲಿಲ್ಲ. ಗಸಿಯನ್ನು ಮತ್ತೆ ಕರಗಿಸುವ ಕೊನೆಯ ಆಮ್ಲದ ಪ್ರಮಾಣವನ್ನು ಸದ್ಯಕ್ಕೆ ನನ್ನಲ್ಲೇ ಇಟ್ಟುಕೊಳ್ಳುತ್ತೇನೆ.

ಮಾದರಿ ಆಯ್ಕೆಯಲ್ಲಿ ಅವಸರ ಸಲ್ಲದು. ಪಿಲ್ಲೋದ ಹೊರ ಅಂಚಿನ ಗಾಜು ಕ್ಲೋರೈಟ್ ಆಗಿ ಹಸಿರು ತಿರುಗಿರುತ್ತದೆ, ಒಳಗಿನ ಗುಳ್ಳೆಗಳಲ್ಲಿ ಕ್ಯಾಲ್ಸೈಟ್ ಮತ್ತು ಜಿಯೋಲೈಟ್ ತುಂಬಿರುತ್ತವೆ. ಕಲ್ಲನ್ನು ಎರಡು–ಮೂರು ಮಿಲಿಮೀಟರ್ ಚೂರುಗಳಾಗಿ ಒಡೆದು, ಬೈನಾಕ್ಯುಲರ್ ಸೂಕ್ಷ್ಮದರ್ಶಕದ ಕೆಳಗೆ ಬಿಳಿ ಚುಕ್ಕೆ ಕಂಡ ಪ್ರತಿ ಚೂರನ್ನೂ ಚಿಮುಟದಿಂದ ತೆಗೆದೆ. ಒಂದು ಮಾದರಿಗೆ ಅರ್ಧ ದಿನ ಬೇಕು. ಕೈಲೆಕ್ಕದಲ್ಲಿ ಹೇಳುವುದಾದರೆ ಮೂರರಲ್ಲೊಂದು ಪಾಲಷ್ಟೇ ಉಳಿಯುತ್ತದೆ.

ನಡುವೆ ಸ್ಟ್ರಾಂಷಿಯಂ ಐಸೊಟೋಪಿನತ್ತಲೂ ಕೈಚಾಚಿದೆ. ಪುಡಿಯನ್ನು ಬಿಸಿ ಹೈಡ್ರೋಕ್ಲೋರಿಕ್ ಆಮ್ಲದಲ್ಲಿ ಪದೇಪದೇ ತೊಳೆದಾಗ ಅನುಪಾತ ಇಳಿಯುತ್ತ ಹೋದರೂ ಸಮುದ್ರಜಲದ ಪ್ರಭಾವ ಪೂರ್ತಿ ಕಳಚಲಿಲ್ಲ. ಅದೇ ಪುಡಿಯ ನಿಯೋಡಿಮಿಯಂ ಮಾತ್ರ ಕದಲದೆ ನಿಂತಿತು. ಇದನ್ನು ಮುಂದುವರಿಸುವ ಯೋಗ್ಯತೆಯಿದೆ, ಹಣ ಸಾಲಲಿಲ್ಲ.

ಕೊನೆಗೆ ದೊರೆತದ್ದು ಇಷ್ಟು. ಹೆಚ್ಚಿನ ಮಾದರಿಗಳಲ್ಲಿ ಟೈಟಾನಿಯಂ–ವನೇಡಿಯಂ ಅನುಪಾತ 20ರ ಸುತ್ತಮುತ್ತ, ಅಂದರೆ ದ್ವೀಪಚಾಪದ ಥೋಲಿಯೈಟ್ ಬಸಾಲ್ಟ್‌ಗೂ ಸಾಗರಮಧ್ಯ ಏಣಿನ ಬಸಾಲ್ಟ್‌ಗೂ ನಡುವಿನ ಗಡಿಯಲ್ಲಿ ಬಿತ್ತು. ಆ ಅನುಪಾತವೊಂದೇ ಇದ್ದಿದ್ದರೆ ವಾದ ಮುಗಿಯುತ್ತಿರಲಿಲ್ಲ. ಥೋರಿಯಂ–ಇಟರ್ಬಿಯಂ ಅನುಪಾತವನ್ನು ನಿಯೋಬಿಯಂ–ಇಟರ್ಬಿಯಂ ಎದುರು ಇಟ್ಟಾಗ ಅವೇ ಮಾದರಿಗಳು ಮ್ಯಾಂಟಲ್ ಸಾಲಿನಿಂದ (ಫಲಕದ ಬೆರಕೆಯಿಲ್ಲದೆ ಮ್ಯಾಂಟಲ್ ಕರಗಿ ಬಂದ ಬಸಾಲ್ಟ್‌ಗಳು ಬೀಳುವ ಪಟ್ಟಿ) ಸ್ಪಷ್ಟವಾಗಿ ಮೇಲೆ ನಿಂತವು. ಕೆಳಗಿಳಿಯುವ ಫಲಕದಿಂದ ಥೋರಿಯಂ ಸೇರದೆ ಹಾಗೆ ಆಗುವುದು ಕಷ್ಟ. ಹಾಳಾಗದೆ ಉಳಿದ ಕ್ಲೈನೊಪೈರಾಕ್ಸಿನ್ ಖನಿಜದ ಹರಳುಗಳೂ ಮೈಕ್ರೋಪ್ರೋಬಿನಲ್ಲಿ (ಎಲೆಕ್ಟ್ರಾನ್ ಕಿರಣದಿಂದ ಹರಳಿನ ರಸಾಯನ ಅಳೆಯುವ ಯಂತ್ರ) ಟೈಟಾನಿಯಂ ಕಡಿಮೆ ತೋರಿಸಿದ ಮೇಲೆ, ಇವು ಕೆಳಗಿಳಿಯುವ ಫಲಕದ ಮೇಲೆ ಹುಟ್ಟಿದವು ಎಂದು ಜೊತೆಯವರು ಒಪ್ಪಿದರು. ಮ್ಯಾಂಟಲ್ ಸಾಲಿನಲ್ಲೇ ಉಳಿದ ಕೆಲವು ಮಾದರಿಗಳು ಬೇರೊಂದು ಥ್ರಸ್ಟ್ ಹಾಳೆಗೆ (ಬೇರೆಡೆಯಿಂದ ತಳ್ಳಲ್ಪಟ್ಟು ಮೇಲೇರಿ ಕೂತ ಶಿಲಾಪದರಕ್ಕೆ) ಸೇರಿರಬಹುದು ಎಂಬುದು ನನ್ನ ಅನುಮಾನ. ಅಲ್ಲಿನ ಸಂಪರ್ಕರೇಖೆಗಳನ್ನು ಹೊಸದಾಗಿ ನಕ್ಷೆಗಿಳಿಸುವ ಕೆಲಸ ನಡೆದಿದೆ.