ಹೊಕ್ಕುಳಬಳ್ಳಿಯ ನಾಲ್ಕು ಹನಿ ರಕ್ತ: ಶಿಡ್ಲಘಟ್ಟದಲ್ಲಿ ನವಜಾತ ಶಿಶುಗಳ ಥೈರಾಯ್ಡ್ ತಪಾಸಣೆ

ನಾನು ಹೋಗಿಬರುವ ಮೂರು ಹೆರಿಗೆ ಆಸ್ಪತ್ರೆಗಳಲ್ಲಿ ಹುಟ್ಟುವ ಪ್ರತಿ ಮಗುವಿಗೂ, ಹುಟ್ಟಿನಿಂದಲೇ ಥೈರಾಯ್ಡ್ ಕೊರತೆಯಿದೆಯೇ ಎಂದು ತಿಳಿಯಲು, ಟಿಎಸ್‌ಎಚ್ (ಥೈರಾಯ್ಡ್ ಗ್ರಂಥಿಯನ್ನು ಕೆಲಸಕ್ಕೆ ಹಚ್ಚುವ, ಗ್ರಂಥಿ ಸೋತಾಗ ರಕ್ತದಲ್ಲಿ ಏರುವ ಹಾರ್ಮೋನ್) ಪರೀಕ್ಷೆ ಮಾಡಿಸುತ್ತೇನೆಂದಾಗ, ಹಿರಿಯ ಸಹೋದ್ಯೋಗಿಯೊಬ್ಬರು "ಸಾವಿರಕ್ಕೊಂದು ಮಗುವಿಗಾಗಿ ಇಷ್ಟೊಂದು ಒದ್ದಾಟವೇ" ಎಂದು ನಕ್ಕಿದ್ದರು. ಮೊದಲ ಆರು ತಿಂಗಳು ಅವರ ನಗುವಿಗೆ ನಾನೇ ಕಾರಣ ಒದಗಿಸಿದೆ.

ಆರಂಭದಲ್ಲಿ ಎಲ್ಲರಂತೆ ಹಿಮ್ಮಡಿಯಿಂದಲೇ ರಕ್ತ ತೆಗೆಯುತ್ತಿದ್ದೆ. 48 ಗಂಟೆ ಕಳೆಯಲಿ ಎಂದು ನಾವು ಕಾಯುತ್ತಿದ್ದರೆ, ಸಹಜ ಹೆರಿಗೆಯಾದವರನ್ನು ಕರೆದೊಯ್ಯಲು ಮರುದಿನ ಬೆಳಿಗ್ಗೆಯೇ ಆಟೋ ಬಂದು ನಿಂತಿರುತ್ತಿತ್ತು. ವಿಧಿಯಿಲ್ಲದೆ 20 ಗಂಟೆಗೇ ಚುಚ್ಚಿದರೆ, ಹುಟ್ಟಿದೊಡನೆ ಏರಿದ ಟಿಎಸ್‌ಎಚ್ ಇನ್ನೂ ಇಳಿದಿರದೆ, ಹತ್ತರಲ್ಲೊಂದು ವರದಿ ಸುಮ್ಮನೆ ಹೆದರಿಸುತ್ತಿತ್ತು. ಬಾಣಂತನಕ್ಕೆ ತವರಿಗೆ ಹೋದವರನ್ನು ಹುಡುಕಿಕೊಂಡು ಒಮ್ಮೆ ಗೌರಿಬಿದನೂರು ದಾಟಿ ಹಿಂದೂಪುರದವರೆಗೂ ಹೋಗಿದ್ದೇನೆ. ಪೆಟ್ರೋಲ್ ಖರ್ಚು ಪರೀಕ್ಷೆಯ ಖರ್ಚನ್ನು ಮೀರಿತ್ತು.

ಆಗ ಹೆರಿಗೆ ಕೋಣೆಯಲ್ಲೇ, ಬಳ್ಳಿ ಕತ್ತರಿಸಿದ ಮೇಲೆ ಮಾಸಿನ ಕಡೆಯ ತುದಿಯಿಂದ ರಕ್ತ ತೆಗೆದು ಶೋಧಕ ಕಾಗದದ ಕಾರ್ಡಿಗೆ ಹನಿಸಲು ತೊಡಗಿದೆವು. ಒಂದು ವೃತ್ತಕ್ಕೆ ಒಂದೇ ಹನಿ, ಅದರ ಮೇಲೆ ಇನ್ನೊಂದು ಬೀಳಬಾರದು. ಇದನ್ನು ಕಲಿಸಲು ವಾರ ಸಾಕಾಯಿತು. ಒಣಗಿಸುವುದನ್ನು ಕಲಿಯಲು ಒಂದು ಮಳೆಗಾಲವೇ ಹಿಡಿಯಿತು. ಆಷಾಢದಲ್ಲಿ ಅರೆ ಒಣಗಿದ ನಲವತ್ತರಷ್ಟು ಕಾರ್ಡುಗಳನ್ನು ಪ್ಲಾಸ್ಟಿಕ್ ಚೀಲದಲ್ಲಿ ಒತ್ತೊತ್ತಾಗಿ ಪ್ರಯೋಗಾಲಯಕ್ಕೆ ಕಳುಹಿಸಿದಾಗ, ಅಷ್ಟೂ ತಿರಸ್ಕೃತವಾಗಿ ಹಿಂದೆ ಬಂದವು. ಆ ಮೇಲೆ ನಮ್ಮೂರಿನ ರೇಷ್ಮೆಯೇ ದಾರಿ ತೋರಿಸಿತು. ರೇಷ್ಮೆಹುಳು ಗೂಡು ಕಟ್ಟಲು ಬಿಡುವ ಬಿದಿರಿನ ತಟ್ಟಿ, ಅಂದರೆ ಚಂದ್ರಿಕೆ, ಹೊಸದೊಂದನ್ನು ತಂದು, ಅದರ ಸುರುಳಿಯಂಚಿನ ಮೇಲೆ ಕಾರ್ಡುಗಳನ್ನು ಅಡ್ಡಡ್ಡಲಾಗಿ ಮಲಗಿಸಿದರೆ ಅಡಿಯಲ್ಲೂ ಗಾಳಿಯಾಡಿ, ನೆರಳಿನಲ್ಲೇ ನಾಲ್ಕು ಗಂಟೆಯಲ್ಲಿ ಹನಿ ಕಂದುಬಣ್ಣಕ್ಕೆ ತಿರುಗುತ್ತದೆ. ಅಂದಿನಿಂದ ಒಂದು ಕಾರ್ಡೂ ತಿರಸ್ಕೃತವಾಗಿಲ್ಲ.

ಇನ್ನೊಂದು ತಪ್ಪು ನೆನೆದರೆ ಈಗಲೂ ಎದೆ ಝಲ್ಲೆನ್ನುತ್ತದೆ. ಟಿಎಸ್‌ಎಚ್ ಎಷ್ಟು ದಾಟಿದರೆ ಮಗುವನ್ನು ಮತ್ತೆ ಪರೀಕ್ಷಿಸಬೇಕೆಂಬ ನಮ್ಮ ಮಿತಿ 20. ಅದು ಸೀರಮ್ (ರಕ್ತ ಹೆಪ್ಪುಗಟ್ಟಿದ ಮೇಲೆ ಉಳಿಯುವ ತಿಳಿದ್ರವ) ಲೆಕ್ಕದ್ದು. ಪ್ರಯೋಗಾಲಯ ಕೊಡುತ್ತಿದ್ದುದು ಪೂರ್ಣ ರಕ್ತದ ಅಂಕಿ. ಅದನ್ನು ಸರಿಸುಮಾರು 2.2ರಿಂದ ಗುಣಿಸಬೇಕಿತ್ತು. ಸುಮಾರು ಒಂದು ತಿಂಗಳು ಅದನ್ನು ಗಮನಿಸದೆ, 9ರಿಂದ 19ರವರೆಗಿನ ವರದಿಗಳನ್ನೆಲ್ಲ ಸರಿಯೆಂದು ಬದಿಗಿಟ್ಟಿದ್ದೆ. ಆ ಮಕ್ಕಳನ್ನೆಲ್ಲ ಮರಳಿ ಕರೆಸಿ ನೋಡಿದೆ. ಪುಣ್ಯಕ್ಕೆ ಯಾರಿಗೂ ತೊಂದರೆಯಿರಲಿಲ್ಲ.

ಈ ನಡುವೆ, ಹುಟ್ಟಿದ ಮೇಲೆ ಹೊಕ್ಕುಳಿಗೆ ಹಚ್ಚುವ ನಂಜುನಿರೋಧಕ ಪೊವಿಡೋನ್ ಅಯೋಡಿನ್ ಮಗುವಿನ ಮೈಸೇರಿ ಥೈರಾಯ್ಡನ್ನು ಕುಂದಿಸಬಹುದೆಂದು, ಅದನ್ನು ಎರಡು ಕಡೆ ನಿಲ್ಲಿಸಿ, ಒಂದು ಕಡೆ ಮುಂದುವರಿಸಿ ನೋಡಿದೆ. ಹಚ್ಚಿದ ಕಡೆಯ ಮಕ್ಕಳ ಮರುಪರೀಕ್ಷೆಯಲ್ಲಿ ಗಡಿಯಂಚಿನ ಅಂಕಿಗಳು ಹೆಚ್ಚಾಗಿ ಕಂಡದ್ದರಿಂದ, ಅಲ್ಲಿಯೂ ನಿಲ್ಲಿಸಿದೆವು.

ಹಣದ ಮಾತು. ಪ್ರಯೋಗಾಲಯ ಮೊದಲು ಕೇಳಿದ್ದು ಕಾರ್ಡಿಗೆ 350 ರೂಪಾಯಿ. ಈಗ ಕೊಡುತ್ತಿರುವುದು 180ರ ಆಸುಪಾಸು. ಹೇಗೆ ಇಳಿಸಿದೆನೆಂಬುದನ್ನು ಇಲ್ಲಿ ಬರೆದರೆ ಮುಂದಿನ ವರ್ಷ ನನಗೇ ಆ ದರ ಸಿಗಲಿಕ್ಕಿಲ್ಲ. ಮೊದಲ ವರ್ಷ ಕೈಯಿಂದ ಹೋದದ್ದು ಅರವತ್ತು ಸಾವಿರಕ್ಕೆ ಕಡಿಮೆಯಿಲ್ಲ.

ಮೂರೂವರೆ ವರ್ಷದಲ್ಲಿ ಸುಮಾರು 2,600 ಮಕ್ಕಳು, ಅವರಲ್ಲಿ ಥೈರಾಯ್ಡ್ ಕೊರತೆ ಖಚಿತವಾದದ್ದು ಮೂವರಿಗೆ. ಮೊದಲನೆಯದು 3 ಕಿಲೋ ತೂಕದ ಹೆಣ್ಣು ಮಗು. "ಬಹಳ ಸಾಧು ಕೂಸು, ಅಳುವುದೇ ಇಲ್ಲ" ಎಂದು ಅಜ್ಜಿ ಹೆಮ್ಮೆಪಡುತ್ತಿದ್ದರು. ಆರನೆಯ ದಿನ ರಕ್ತನಾಳದಿಂದ ತೆಗೆದ ಮಾದರಿಯಲ್ಲಿ ಟಿಎಸ್‌ಎಚ್ 100 ದಾಟಿತ್ತು. ಒಂಬತ್ತನೆಯ ದಿನದಿಂದ 25 ಮೈಕ್ರೋಗ್ರಾಮ್‌ನ ಥೈರಾಕ್ಸಿನ್ (ಥೈರಾಯ್ಡ್ ಹಾರ್ಮೋನ್) ಮಾತ್ರೆ ದಿನಕ್ಕೆ ಒಂದೂವರೆ, ಚಮಚದಲ್ಲಿ ಅರೆದು ಎದೆಹಾಲಿನಲ್ಲಿ ಕಲಸಿ ಕೊಟ್ಟೆವು. ಮೂರನೆಯ ವಾರದಲ್ಲಿ ಅಜ್ಜಿಯೇ ಬಂದು, ಕೂಸು ರಾತ್ರಿಯೆಲ್ಲ ಕಿರುಚುತ್ತದೆಂದು ದೂರಿದರು. ಅಷ್ಟು ಸಂತೋಷದಿಂದ ನಾನು ಯಾವ ದೂರನ್ನೂ ಕೇಳಿಲ್ಲ. ಆ ಮಗುವಿಗೆ ಈಗ ಮೂರು ವರ್ಷ ತುಂಬಿದೆ. ಗ್ರಂಥಿ ಈಗ ತಾನಾಗಿಯೇ ಕೆಲಸ ಮಾಡುತ್ತದೆಯೇ ಎಂದು ತಿಳಿಯಲು ಒಂದು ತಿಂಗಳು ಮಾತ್ರೆ ನಿಲ್ಲಿಸಿ ಮತ್ತೆ ಪರೀಕ್ಷಿಸಬೇಕೆಂದರೆ, ಅಜ್ಜಿ ಮಾತ್ರ ಏನು ಮಾಡಿದರೂ ಒಪ್ಪುತ್ತಿಲ್ಲ.